ಕೊನೆಯ ಸವಾರನ ಹೊಸ ಕಿಟ್

ಅರ್ಲೊ ವಿಕ್‌ಸ್ಟ್ರಾಮ್‌ನ ತಲೆಯಲ್ಲಿ ಕತ್ತರಿಸುವಷ್ಟು ಕೂದಲಿದ್ದದ್ದು ಯಾವ ಕಾಲದಲ್ಲೋ. ಆದರೂ ತಿಂಗಳಿಗೊಮ್ಮೆ ತಪ್ಪದೆ ನನ್ನ ಕ್ಷೌರದಂಗಡಿಗೆ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ಉಳಿದಿರುವ ನಾಲ್ಕು ಎಳೆಗಳ ಸುತ್ತ ನಾನು ಬಹಳ ಗಂಭೀರವಾಗಿ ಕತ್ತರಿ ಆಡಿಸುತ್ತೇನೆ. ಅವನು ಕಣ್ಣು ಮುಚ್ಚಿಕೊಂಡು ಪೆಲ್ಟನ್ ಊರಿನ ಸುದ್ದಿಯನ್ನೆಲ್ಲ ಕೇಳಿಸಿಕೊಳ್ಳುತ್ತಾನೆ. ಆ ವರ್ಷ ಸೆಪ್ಟೆಂಬರಿನಲ್ಲಿ ಮಾತ್ರ ಕಣ್ಣು ಮುಚ್ಚಲಿಲ್ಲ. ಕೊರಳಿಗೆ ಕಟ್ಟಿದ ಬಟ್ಟೆಯ ಅಡಿಯಿಂದ ಎಡಗೈ ಹೊರಗೆ ಹಾಕಿ ಬಣ್ಣದ ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಿದ್ದ. ಬಲಗೈ ಆಪರೇಷನ್ ಆದಮೇಲೆ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ.

"ಲೊರೀನ್, ಇದನ್ನ ಸ್ವಲ್ಪ ನೋಡು," ಎಂದು ಒಂದು ಹಾಳೆಯನ್ನು ನನ್ನ ಮೂಗಿನ ಹತ್ತಿರ ಹಿಡಿದ. "ಇದರಲ್ಲಿ ಹಗ್ಗ ಕಟ್ಟೋಕೆ ಜಾಗ ಎಲ್ಲಾದ್ರೂ ಕಾಣ್ಸುತ್ತಾ ನಿಂಗೆ?"

ಹಾಳೆಯಲ್ಲಿದ್ದದ್ದು ಹಿಮದ ಬೈಕಿನ ಕಿಟ್. ಬೇಸಿಗೆಯಲ್ಲಿ ಕಾಡುದಾರಿಗೆ ಓಡಿಸುವ ಡರ್ಟ್ ಬೈಕಿನ ಮುಂದಿನ ಚಕ್ರ ಕಳಚಿ ಅಲ್ಲಿಗೊಂದು ಹಿಮದ ಮೇಲೆ ಜಾರುವ ಅಗಲವಾದ ಸ್ಕೀ ಹಲಗೆ, ಹಿಂದಿನ ಚಕ್ರ ಕಳಚಿ ಅಲ್ಲಿಗೊಂದು ಹಲ್ಲುಹಲ್ಲಾದ ರಬ್ಬರ್ ಪಟ್ಟಿ. ಇಷ್ಟು ಜೋಡಿಸಿದರೆ ಅದೇ ಬೈಕು ಚಳಿಗಾಲದಲ್ಲಿ ಹಿಮದ ಮೇಲೆ ಓಡುತ್ತದೆ. ನಮ್ಮ ಐಡಹೊ ಗುಡ್ಡಗಳಲ್ಲಿ ಈಗ ಎಳೆಯರೆಲ್ಲ ಇದರ ಹಿಂದೆಯೇ ಬಿದ್ದಿದ್ದಾರೆ. ನಮ್ಮಂಥ ಹಳಬರದ್ದು ಇನ್ನೂ ಸ್ಲೆಡ್ಡೆಂಬ ಇಂಜಿನ್ನಿನ ಹಿಮಗಾಡಿಯೇ: ಎರಡು ಸ್ಕೀ, ಅಗಲ ಪಟ್ಟಿ, ಎಮ್ಮೆಯಷ್ಟು ಭಾರ.

"ಹಗ್ಗ ಯಾಕೆ ಬೇಕು ನಿಂಗೆ?" ಎಂದೆ.

"ಎಳೆಯೋಕೆ."

"ಯಾರನ್ನ?"

"ಯಾರು ಸಿಕ್ಕಿಬೀಳ್ತಾರೋ ಅವರನ್ನ."

ನನಗೆ ಅಲ್ಲೇ ಅರ್ಥವಾಗಬೇಕಿತ್ತು. ಆದರೆ ಅಂಗಡಿಯಲ್ಲಿ ಇನ್ನಿಬ್ಬರು ಕಾಯುತ್ತಿದ್ದರು. "ತಲೆ ಅಲ್ಲಾಡಿಸ್ಬೇಡ, ಇರೋ ಕೂದಲೂ ಹೋಗುತ್ತೆ" ಎಂದು ಬಾಯಿ ಮುಚ್ಚಿಸಿದೆ.

ಅರ್ಲೊ ನಮ್ಮೂರಿನ ಶಾಲೆಯ ಬಸ್ಸು ಓಡಿಸುವವನು. ಈ ಊರಿನಲ್ಲಿ ನಲವತ್ತರ ಒಳಗಿನವರನ್ನೆಲ್ಲ ಒಂದಲ್ಲ ಒಂದು ಕಾಲದಲ್ಲಿ ಮನೆಗೆ ಮುಟ್ಟಿಸಿದ್ದಾನೆ. ಬಸ್ಸಿನಿಂದಿಳಿದ ಮಗು ಮನೆಯ ಬಾಗಿಲೊಳಗೆ ಹೋಗುವ ತನಕ ಬಸ್ಸು ಕದಲುವುದಿಲ್ಲ. ಹಿಂದಿನ ಕಾರಿನವರು ಎಷ್ಟು ಹಾರ್ನ್ ಹೊಡೆದರೂ ಜಪ್ಪಯ್ಯ ಅನ್ನುವುದಿಲ್ಲ. ಹಾರ್ನ್ ಹೊಡೆದವರಲ್ಲಿ ನಾನೂ ಒಬ್ಬಳು, ಅದಕ್ಕೇ ಗೊತ್ತು.

ಶನಿವಾರ ಬಂದರೆ ನಾವು ಐದು ಜನ ಸ್ಲೆಡ್ ಏರಿ ಗುಡ್ಡಕ್ಕೆ ಹೋಗುತ್ತೇವೆ. ಮೊದಲು ಡ್ವೇನ್ ಪ್ರುವಿಟ್. ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ ಮಾಡಿ ಮಾಡಿ ಕಿವಿ ಅರ್ಧ ಹೋಗಿದೆ, ಹಾಗಾಗಿ ಮಾತೆಲ್ಲ ಕೂಗಾಟವೇ. ಅವನ ಹಿಂದೆ ನಾನು, ನನ್ನ ಹಿಂದೆ ಬೆಕರ್ ಗಂಡಹೆಂಡತಿ, ಕಟ್ಟಕಡೆಗೆ ಅರ್ಲೊ. ಈ ಸಾಲು ಬದಲಾದದ್ದಿಲ್ಲ. ಕೊನೆಯವನೆಂದರೆ ಸುಮ್ಮನೆ ಹಿಂದೆ ಬರುವವನಲ್ಲ. ಹಗ್ಗ, ಗುದ್ದಲಿ, ಹೆಚ್ಚಿನ ಪೆಟ್ರೋಲು, ಇಂಜಿನ್ನಿಗೆ ಬದಲಿ ಬೆಲ್ಟು ಎಲ್ಲ ಅವನ ಸ್ಲೆಡ್ಡಿನ ಮೇಲೆ. ಯಾರು ಮರದ ಬುಡದ ಸಡಿಲ ಹಿಮದ ಗುಂಡಿಗೆ ಇಳಿದರೂ, ಯಾರ ಇಂಜಿನ್ ಕೈಕೊಟ್ಟರೂ, ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ ಒಂದು ದೀಪ ಬಂದೇ ಬರುತ್ತದೆ. ಅದು ಅರ್ಲೊನದು. ಬಂದು ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮೊದಲು ಕಾಫಿ ಫ್ಲಾಸ್ಕ್ ಕೊಡುತ್ತಾನೆ, ಆಮೇಲೆ ಹಗ್ಗ ಬಿಚ್ಚುತ್ತಾನೆ.

ಕಳೆದ ಮಾರ್ಚಿನಲ್ಲಿ ಡ್ವೇನ್ ತೊರೆಯ ಮೇಲೆ ಹೆಪ್ಪುಗಟ್ಟಿದ್ದ ಹಿಮದ ಸೇತುವೆ ದಾಟಲು ಹೋಗಿ ಸ್ಲೆಡ್ ಸಮೇತ ಒಳಗಿಳಿದ. ಬೇಡವೆಂದು ಎಲ್ಲರೂ ಹೇಳಿದ್ದೆವು. ಅವನಿಗೆ ಕಿವಿ ಕೇಳಿಸುವುದಿಲ್ಲ, ಕೇಳಿಸಿದರೂ ಕೇಳುವ ಪೈಕಿಯಲ್ಲ. ಆ ಸ್ಲೆಡ್ಡನ್ನು ಮೇಲೆತ್ತುವಾಗಲೇ ಅರ್ಲೊನ ಭುಜ ಹರಿದದ್ದು. ಡಾಕ್ಟರು ಖಡಾಖಂಡಿತವಾಗಿ ಹೇಳಿದರು: ಬಸ್ಸು ಓಡಿಸು, ಮೀನು ಹಿಡಿ, ಭಾರ ಮಾತ್ರ ಎತ್ತಬೇಡ. ಸ್ಲೆಡ್ ಓಡಿಸುವವನಿಗೆ ಭಾರ ಎತ್ತಬೇಡ ಅನ್ನುವುದೂ ಸ್ಲೆಡ್ ಓಡಿಸಬೇಡ ಅನ್ನುವುದೂ ಒಂದೇ. ಅವನ ಹಳೆಯ ಸ್ಲೆಡ್ಡಿನ ಇಂಜಿನ್ ಶುರುವಾಗಬೇಕಾದರೆ ದಾರ ಹಿಡಿದು ಜಗ್ಗಬೇಕು. ಅದೂ ಅವನ ಕೈಯಲ್ಲಿ ಆಗುತ್ತಿರಲಿಲ್ಲ.

ಕಿಟ್ಟಿನ ಮಾತು ತೆಗೆದವಳು ಅವನ ಹೆಂಡತಿ ಮಾರ್ವಾ. ಶೆಡ್ಡಿನಲ್ಲಿ ಡರ್ಟ್ ಬೈಕ್ ಇದೆ, ಗುಂಡಿ ಒತ್ತಿದರೆ ಶುರುವಾಗುತ್ತದೆ, ಬಿದ್ದರೆ ಒಬ್ಬನೇ ಎತ್ತಿ ನಿಲ್ಲಿಸಬಹುದು. ಚಳಿಗಾಲವಿಡೀ ಗಂಡ ಮನೆಯಲ್ಲಿ ಕೂತರೆ ತನಗೆ ಹುಚ್ಚು ಹಿಡಿಯುತ್ತದೆ ಎಂದು ಅವಳು ನನ್ನ ಮುಂದೆಯೇ ಹೇಳಿದ್ದಳು. ಒಂದು ಕಿಟ್ ಆರಿಸಲು ಎಷ್ಟು ಹೊತ್ತು ಬೇಕು? ಅರ್ಲೊ ಸೆಪ್ಟೆಂಬರ್ ಕಳೆದ, ಅಕ್ಟೋಬರ್ ಕಳೆದ. ಹಾಳೆಗಳು ಬಸ್ಸಿಗೂ ಬಂದವು, ನಾವೆಲ್ಲ ತಿಂಡಿಗೆ ಸೇರುವ ಡೈನರಿಗೂ ಬಂದವು. ಗಿಡ್ಡ ಪಟ್ಟಿಯೋ ಉದ್ದ ಪಟ್ಟಿಯೋ, ಅಗಲ ಸ್ಕೀಯೋ ಕಿರಿದೋ, ಸ್ಪ್ರಿಂಗು ಮೆತ್ತಗಿರಬೇಕೋ ಗಟ್ಟಿಯೋ. ಕೊನೆಗೆ ಬಂದು ನಿಲ್ಲುವುದು ಮಾತ್ರ ಅದೇ ಪ್ರಶ್ನೆಗೆ.

"ಅವನಿಗೆ ಹೆಂಡತಿ ಆರಿಸೋಕೂ ಇಷ್ಟು ಹೊತ್ತು ಹಿಡೀಲಿಲ್ಲ," ಎಂದ ಡ್ವೇನ್, ಇಡೀ ಡೈನರಿಗೆ ಕೇಳುವಂತೆ.

"ಅವನೆಲ್ಲಿ ಆರಿಸಿದ? ಆರಿಸಿದ್ದು ನಾನು," ಎಂದಳು ಮಾರ್ವಾ. "ಅವನ ಕೈಗೆ ಬಿಟ್ಟಿದ್ರೆ ನಾನಿನ್ನೂ ನಮ್ಮಪ್ಪನ ಮನೇಲೇ ಇರ್ತಿದ್ದೆ."

ಹಿಮ ಬೀಳುವ ಸಮಯ ಹತ್ತಿರವಾದಾಗ ನಾನೇ ಅವನನ್ನು ನನ್ನ ಪಿಕಪ್ಪಿನಲ್ಲಿ ಕೂರಿಸಿಕೊಂಡು ಗಸ್‌ನ ಅಂಗಡಿಗೆ ಹೋದೆ. ಗಸ್ ಕಣಿವೆಯ ಆ ತುದಿಯಲ್ಲಿ ಕಿಟ್ ಮಾರುವವನು, ಒಳ್ಳೆಯ ಮನುಷ್ಯ. ಅರ್ಲೊನ ಬೈಕಿನ ಕಂಪನಿ, ವರ್ಷ, ಇಂಜಿನ್ನಿನ ಅಳತೆ ಕೇಳಿಕೊಂಡು, "ನಿನ್ನ ಇಂಜಿನ್ ಸಣ್ಣದು, ಗಿಡ್ಡ ಪಟ್ಟೀದು ತಗೋ. ಮರಗಳ ಸಂದೀಲಿ ಮೀನಿನ ಹಾಗೆ ಹೋಗುತ್ತೆ" ಎಂದ.

"ಉದ್ದದ್ದು?"

"ಅದು ದೊಡ್ಡ ಇಂಜಿನ್ ಇರೋರಿಗೆ. ಆಳವಾದ ಹಿಮದಲ್ಲಿ ಮುಳುಗಲ್ಲ, ಕಡಿದಾದ ಗುಡ್ಡ ಹತ್ತುತ್ತೆ. ನಿನ್ನ ಬೈಕು ಅದನ್ನ ತಿರುಗ್ಸೋಕೇ ಏದುಸಿರು ಬಿಡುತ್ತೆ."

"ಉದ್ದದ್ದಕ್ಕೆ ಹಿಡಿತ ಜಾಸ್ತಿ ಅಲ್ವಾ? ಹಿಂದೆ ಒಂದು ಸ್ಲೆಡ್ ಕಟ್ಟಿದ್ರೆ ಎಳಿಯುತ್ತಾ?"

ಗಸ್ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಹೆಲ್ಮೆಟ್ಟುಗಳನ್ನು ನೋಡಿದೆ. "ಅರ್ಲೊ," ಎಂದ ಗಸ್, ಸ್ವಲ್ಪ ಮೆತ್ತಗೆ, "ಇದು ಒಬ್ಬನ್ನ ಕರ್ಕೊಂಡು ಹೋಗೋ ಗಾಡಿ. ನಿನ್ನ ಕರ್ಕೊಂಡು ಹೋಗುತ್ತೆ, ನಿನ್ನ ವಾಪಸ್ ತರುತ್ತೆ. ಇನ್ನೊಬ್ಬರನ್ನ ಎಳಿಯೋಕೆ, ಹಿಂದೆ ಕೂರ್ಸೋಕೆ ಆಗಲ್ಲ."

ಅರ್ಲೊ ನೇರ ಹೊರಗೆ ಬಂದು ಪಿಕಪ್ ಹತ್ತಿದ. ಬರುವ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ.

"ಎಳಿಯೋಕೆ ನಾವಿಲ್ವಾ? ನಾಲ್ಕು ಜನ ಇದ್ದೀವಿ. ನೀನು ಸುಮ್ನೆ ಮಧ್ಯದಲ್ಲಿ ಆರಾಮಾಗಿ ಬಾ."

"ಮಧ್ಯದಲ್ಲಿ ಬಂದು ನಾನೇನ್ ಮಾಡ್ಲಿ?" ಎಂದ ಅರ್ಲೊ. ನದಿಯ ಕಡೆ ನೋಡುತ್ತಿದ್ದ. "ನಾನು ಈ ಊರಿಗೆ ಬಂದಾಗ ನಂಗೆ ಸ್ಲೆಡ್ ಓಡ್ಸೋಕೆ ಸರಿಯಾಗಿ ಬರ್ತಿರ್ಲಿಲ್ಲ, ಲೊರೀನ್. ನಿಧಾನ ಅಂತ ಹಿಂದೆ ಉಳೀತಿದ್ದೆ, ಅಷ್ಟೆ. ಒಂದಿನ ಬೆಕರ್ ಗಾಡಿ ಕೆಟ್ಟು ನಿಂತಿದ್ದ, ನಾನು ಹಿಂದೆ ಇದ್ನಲ್ಲ, ನಿಲ್ಲಿಸ್ದೆ. ಆಮೇಲೆ ಎಲ್ರೂ ಅರ್ಲೊ ಹಿಂದೆ ಇದಾನೆ ಅನ್ನೋಕೆ ಶುರು ಮಾಡಿದ್ರು. ಅಲ್ಲಿಂದ ನಾನು ಈ ಊರಿನವನಾದೆ. ಅದನ್ನ ಬಿಟ್ರೆ ನಂಗೆ ಗುಡ್ಡದಲ್ಲಿ ಬೇರೆ ಏನೂ ಬರಲ್ಲ."

ಇಷ್ಟು ವರ್ಷ ಅವನ ಕೂದಲಿಗೆ ಕೈ ಹಾಕಿದ್ದೇನೆ, ತಲೆಯೊಳಗೆ ಇದಿದೆ ಎಂದು ಗೊತ್ತಿರಲಿಲ್ಲ ಎನಿಸಿ ಸಂಕಟವಾಯಿತು.

ಅವನು ಹಟ ಬಿಡಲಿಲ್ಲ. ಮತ್ತೆ ಗಸ್‌ಗೆ ಫೋನ್ ಮಾಡಿ, ಉದ್ದದ್ದನ್ನೇ ಕೊಡು ಎಂದ. ಗಸ್ ಜಾಣ. ಗಿರಾಕಿಗಳು ಓಡಿಸಿ ನೋಡಲೆಂದು ಇಟ್ಟಿದ್ದ ಉದ್ದ ಪಟ್ಟಿಯ ಕಿಟ್ಟನ್ನೇ ತಂದು ಅರ್ಲೊನ ಬೈಕಿಗೆ ಜೋಡಿಸಿಕೊಟ್ಟು, "ಮೊದಲ ಹಿಮಕ್ಕೆ ಓಡಿಸಿ ನೋಡು, ಆಮೇಲೆ ಮಾತಾಡೋಣ" ಎಂದು ಹೋದ.

ನವೆಂಬರಿನಲ್ಲಿ ಹಿಮ ಸೊಂಟದವರೆಗೆ ಬಿತ್ತು. ಭಾನುವಾರ ಚರ್ಚು ಮುಗಿಸಿಕೊಂಡು ನಾವೆಲ್ಲ ಅರ್ಲೊನ ಮನೆಯ ಹಿಂದಿನ ಬಯಲಿನಲ್ಲಿ ಸೇರಿದೆವು. ಅರ್ಲೊ ಹಳೆಯ ಪಿಕಪ್ಪಿನ ಬಾನೆಟ್ಟನ್ನು ಬೋರಲು ಹಾಕಿ, ಅದಕ್ಕೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಬೈಕಿನ ಹಿಂಭಾಗಕ್ಕೆ ಬಿಗಿದ. ಬಾನೆಟ್ಟಿನ ಮೇಲೆ ಕೂರಲು ಯಾರಾದರೂ ಬೇಕಿತ್ತು. ಡ್ವೇನ್ ತಾನಾಗಿಯೇ ಹೋಗಿ ಕೂತ.

"ಭಾರ ಸಾಕಾ, ಇಲ್ಲ ಇನ್ನೊಂದು ಪ್ಲೇಟ್ ಪ್ಯಾನ್‌ಕೇಕ್ ತಿಂದು ಬರ್ಲಾ?" ಎಂದು ಕೂಗಿದ.

ಅರ್ಲೊ ಗಂಟುಮುಖ ಹಾಕಿಕೊಂಡೇ ಬೈಕ್ ಏರಿದ. ಇಂಜಿನ್ ಅಬ್ಬರಿಸಿತು. ಬೈಕು ಒಂದು ಮಾರು ಹೋಯಿತೋ ಇಲ್ಲವೋ, ಹಗ್ಗ ಬಿಗಿಯಾದದ್ದೇ ತಡ, ಪಟ್ಟಿ ಮುಂದೆ ಹೋಗುವುದನ್ನು ಬಿಟ್ಟು ನೇರ ಕೆಳಕ್ಕೆ ತೋಡತೊಡಗಿತು. ಹಿಂದಕ್ಕೆ ಚಿಮ್ಮಿದ ಹಿಮವೆಲ್ಲ ಡ್ವೇನ್‌ನ ಮೇಲೆ. ಅವನು ಕಾಣಿಸಲಿಲ್ಲ, ಬೈಗುಳ ಮಾತ್ರ ಕೇಳಿಸಿತು. ಅರ್ಲೊ ಬೈಕು ವಾಲಿತೆಂದು ಡರ್ಟ್ ಬೈಕಿನ ಅಭ್ಯಾಸದಲ್ಲಿ ಕಾಲು ಕೆಳಗೆ ಕೊಟ್ಟ. ಕೆಳಗೆ ನೆಲವೆಲ್ಲಿದೆ? ಕಾಲು ತೊಡೆಯತನಕ ಇಳಿದು, ಬೈಕು ನಿಧಾನವಾಗಿ ಅವನ ಪಕ್ಕ ಮಲಗಿಕೊಂಡಿತು. ಅಡುಗೆಮನೆಯ ಕಿಟಕಿ ತೆರೆಯಿತು.

"ಅಲ್ಲಿ ಬಾವಿ ತೋಡ್ತಿದ್ದೀಯೋ ಹೇಗೆ?" ಎಂದಳು ಮಾರ್ವಾ.

ನಾವು ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅರ್ಲೊ ನಗಲಿಲ್ಲ. ಗುಂಡಿಯಿಂದೆದ್ದು ಹಗ್ಗ ಬಿಚ್ಚಿ, ನೀಟಾಗಿ ಸುತ್ತಿ, ಶೆಡ್ಡಿನಲ್ಲಿದ್ದ ಹಳೆಯ ಸ್ಲೆಡ್ಡಿನ ಮೇಲೆ ಇಟ್ಟು ಒಳಗೆ ಹೋದ. ಮಾರನೆಯ ದಿನ ಕಿಟ್ಟನ್ನು ಗಸ್‌ಗೆ ವಾಪಸ್ ಕಳಿಸಿ, ಯಾವ ಕಿಟ್ಟೂ ಬೇಡ ಎಂದ. ಈ ವರ್ಷ ಗುಡ್ಡಕ್ಕೆ ಬರುವುದಿಲ್ಲ ಎಂದು ನಮಗೂ ಹೇಳಿ ಕಳಿಸಿದ.

ಎರಡು ಶನಿವಾರ ನಾವು ಅವನಿಲ್ಲದೆ ಹೋಗಿ ಬಂದೆವು. ಯಾರೂ ಸಿಕ್ಕಿಬೀಳಲಿಲ್ಲ, ಏಕೆಂದರೆ ಸಿಕ್ಕಿಬೀಳುವಂಥ ಜಾಗಕ್ಕೆ ಯಾರೂ ಹೋಗಲಿಲ್ಲ. ಡ್ವೇನ್ ಸಹ ರಸ್ತೆಯಂಥ ದಾರಿಯಲ್ಲೇ ಪಾದ್ರಿಯ ಹಾಗೆ ಓಡಿಸಿದ. ಮಧ್ಯಾಹ್ನಕ್ಕೆಲ್ಲ ಮನೆ ಸೇರಿದೆವು. ಅಂಥ ಬೇಸರದ ಶನಿವಾರಗಳನ್ನು ನಾನು ಕಂಡಿಲ್ಲ.

ಆ ವಾರ ಮಾರ್ವಾ ಕೂದಲು ಕತ್ತರಿಸಿಕೊಳ್ಳುವ ನೆಪದಲ್ಲಿ ಬಂದಳು. ಕುರ್ಚಿಯಲ್ಲಿ ಕೂತವಳು ಕನ್ನಡಿಯಲ್ಲಿ ನನ್ನನ್ನೇ ನೋಡಿ, "ಶನಿವಾರ ಬೆಳಿಗ್ಗೆ ನೀವು ಹೋಗೋ ಸದ್ದು ಕೇಳಿ ಎದ್ದು ಕಿಟಕಿ ಹತ್ರ ಹೋಗ್ತಾನೆ. ವಾಪಸ್ ಬರೋ ಸದ್ದು ಕೇಳೋ ತನಕ ಊಟಕ್ಕೆ ಕೂರಲ್ಲ," ಎಂದಳು. "ನಾನು ನಿನ್ನನ್ನ ಮದುವೆಯಾದದ್ದು ಆ ಹಗ್ಗಕ್ಕೋಸ್ಕರ ಅಲ್ಲ ಅಂತ ಹೇಳ್ದೆ. ಆಯ್ತು ಅಂತಾನೆ, ಮತ್ತೆ ಕಿಟಕಿಗೇ ಹೋಗ್ತಾನೆ. ಏನಾದ್ರೂ ಮಾಡು, ಲೊರೀನ್."

ನಾನೇನು ಮಾಡಲಿ. ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ: ಡ್ವೇನ್‌ಗೆ ಬೈದೆ. ಡೈನರಿನಲ್ಲಿ, ಅವನ ಬಿಸ್ಕೆಟ್ ಗ್ರೇವಿ ತಿಂಡಿ ಆರಿ ಹೋಗುವಷ್ಟು ಹೊತ್ತು ಬೈದೆ. ತೊರೆಗಿಳಿದದ್ದು ನೀನು, ಭುಜ ಹೋದದ್ದು ಅವನದು, ನಿನಗೆ ಮಾತ್ರ ಎಲ್ಲವೂ ನಗೆಚಾಟಿಕೆ ಎಂದೆ. ಮೊದಲ ಬಾರಿಗೆ ಡ್ವೇನ್ ಕೂಗಲಿಲ್ಲ.

"ರಾತ್ರಿ ನಿದ್ದೆ ಬರ್ತಿದೆ ಅಂದ್ಕೊಂಡ್ಯಾ ನಂಗೆ?" ಎಂದ. "ಅವನು ಒಂದ್ ಸಲ ಬೈದಿದ್ರೆ ಸರಿಹೋಗ್ತಿತ್ತು. ಬೈಯಲ್ವಲ್ಲ ಆ ಮನುಷ್ಯ."

ತಟ್ಟೆ ಅಲ್ಲೇ ಬಿಟ್ಟು ಎದ್ದ. ನಾನೂ ಹಿಂದೆಯೇ ಹೋದೆ, ಮೂಗು ತೂರಿಸುವುದು ನನ್ನ ಜಾಯಮಾನ. ಶಾಲೆಯ ಶೆಡ್ಡಿನೊಳಗೆ ಅರ್ಲೊ ಬಸ್ಸು ತೊಳೆಯುತ್ತಿದ್ದ. ಡ್ವೇನ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಅವನ ಮುಂದೆ ನಿಂತ.

"ಅರ್ಲೊ, ನಿನ್ನ ಹಗ್ಗ ನಂಗೆ ಬೇಕು."

"ಯಾಕೆ? ಎಲ್ಲಿ ಸಿಕ್ಕಿಬಿದ್ದೆ?"

"ಎಲ್ಲೂ ಇಲ್ಲ. ಇನ್ಮೇಲೆ ಕೊನೇಲಿ ನಾನು ಬರ್ತೀನಿ."

ಅರ್ಲೊ ಪೈಪಿನ ನೀರು ನಿಲ್ಲಿಸಿ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ನಿಂಗೆ ಮುಂದಿನವರು ಹೋಗೋ ತನಕ ಸುಮ್ನೆ ನಿಲ್ಲೋಕೆ ಬರಲ್ಲ, ಡ್ವೇನ್."

"ಕಲಿತೀನಿ. ನೀನು ಬಂದು ಕಲ್ಸು."

"ಬೆಲ್ಟ್ ಬದ್ಲಾಯ್ಸೋಕೆ ಬರುತ್ತಾ?"

"ನಂದು ಬರುತ್ತೆ. ಬೆಕರ್‌ದು ಬರಲ್ಲ."

"ಅದು ಬೇರೆ ಥರ," ಎಂದು ಅರ್ಲೊ ಮತ್ತೆ ನೀರು ಬಿಟ್ಟ. ಸಂಜೆ ಗಸ್‌ಗೆ ಫೋನ್ ಹೋಯಿತು. ಗಿಡ್ಡ ಪಟ್ಟಿಯ ಕಿಟ್, ಅಗಲ ಸ್ಕೀ, ಮೆತ್ತನೆ ಸ್ಪ್ರಿಂಗು. ಮೂರು ತಿಂಗಳು ಊರಿನ ತಲೆ ತಿಂದವನು ಒಂದು ಫೋನಿನಲ್ಲಿ ಮುಗಿಸಿದ.

ಕ್ರಿಸ್‌ಮಸ್ ಕಳೆದ ಮೇಲಿನ ಮೊದಲ ಶನಿವಾರ ಗುಡ್ಡದ ಬುಡದಲ್ಲಿ ಸೇರಿದೆವು. ಅರ್ಲೊ ಬೈಕಿನ ರೇಡಿಯೇಟರಿಗೆ ಇಂಜಿನ್ ತಣ್ಣಗಾಗದಂತೆ ಬಟ್ಟೆ ಹೊದಿಸಿ, ಅದರ ಪಕ್ಕ ನೆಂಟರ ಮನೆಗೆ ಬಂದ ಮದುಮಗನ ಹಾಗೆ ನಿಂತಿದ್ದ. ಹಗ್ಗ, ಗುದ್ದಲಿ, ಪೆಟ್ರೋಲು ಎಲ್ಲವನ್ನೂ ಒಂದೊಂದಾಗಿ ಡ್ವೇನ್‌ನ ಸ್ಲೆಡ್ಡಿಗೆ ತಾನೇ ಕಟ್ಟಿದ. ಎಲ್ಲರೂ ಹೊರಡಲಿ ಎಂದು ಆಮೇಲೆ ಕಾಯುತ್ತ ನಿಂತ. ನಾವೂ ಕಾಯುತ್ತ ನಿಂತೆವು.

"ಹೊರಡು," ಎಂದೆ ನಾನು. "ನಮ್ಮ ಸ್ಲೆಡ್ಡು ಕೊರೆದ ಕಾಲುವೆಯೊಳಗೆ ನಿನ್ನ ಒಂಟಿ ಸ್ಕೀ ಸಿಕ್ಕಿಕೊಂಡು ಒದ್ದಾಡುತ್ತೆ. ನೀನೇ ಮುಂದೆ ಹೋಗ್ಬೇಕು."

"ಮುಂದೇನಾ?"

"ಇನ್ನೆಲ್ಲಿ? ಆಕಾಶದಲ್ಲಾ?"

ಹೋದ. ನಮ್ಮಲ್ಲೊಂದು ಪದ್ಧತಿ: ದಾರಿ ತಿರುಗುವಲ್ಲಿ ನಿಂತು, ಹಿಂದಿನವರ ದೀಪ ಕಂಡ ಮೇಲೆ ಮುಂದೆ ಹೋಗಬೇಕು. ಹಿಂದಿನ ಒಬ್ಬರದು ಕಂಡರೆ ಸಾಕು. ಅರ್ಲೊ ಪ್ರತಿ ತಿರುವಿನಲ್ಲೂ ನಿಂತು ನನ್ನದು, ಬೆಕರ್‌ದು, ಅವನ ಹೆಂಡತಿಯದು, ಕೊನೆಗೆ ಡ್ವೇನ್‌ದು, ಎಲ್ಲ ದೀಪಗಳೂ ಬರುವ ತನಕ ಕದಲಲಿಲ್ಲ. ಬಸವನಹುಳು ನಮಗಿಂತ ಮುಂದೆ ಗುಡ್ಡ ಹತ್ತುತ್ತಿತ್ತು. ನನಗೆ ತಾಳ್ಮೆ ಕಡಿಮೆ, ಹೆಲ್ಮೆಟ್ಟಿನೊಳಗೇ ಬೇಕಾದಷ್ಟು ಬೈದುಕೊಂಡೆ. ಡ್ವೇನ್ ಮಾತ್ರ ಹಿಂದೆ ತೆಪ್ಪಗೆ ಬರುತ್ತಿದ್ದ.

ಮರಗಳು ಮುಗಿದು ಮೇಲಿನ ಹುಲ್ಲುಗಾವಲು ತೆರೆದುಕೊಳ್ಳುವ ಜಾಗಕ್ಕೆ ಬಂದಾಗ ಅರ್ಲೊ ಮತ್ತೆ ನಿಂತಿದ್ದ. ಅಲ್ಲಿ ತಿರುವೇ ಇಲ್ಲ. ಬಯಲಿನ ತುಂಬ ಹೊಸ ಹಿಮ, ಬಿಸಿಲು ಬಿದ್ದು ಕಣ್ಣು ಬಿಡಲಾಗುತ್ತಿರಲಿಲ್ಲ. ಒಂದು ಮೊಲದ ಹೆಜ್ಜೆಯೂ ಇರಲಿಲ್ಲ. ನಾವೆಲ್ಲ ಬಂದು ಅವನ ಪಕ್ಕ ಇಂಜಿನ್ ನಿಲ್ಲಿಸಿದೆವು. ಕೆಟ್ಟುಹೋಯಿತೇನೋ ಎಂದುಕೊಂಡೆ.

"ಏನಾಯ್ತು?"

ಅರ್ಲೊ ಹೆಲ್ಮೆಟ್ ತೆಗೆದಿದ್ದ. "ಇದು ಹೀಗಿರುತ್ತಾ?" ಎಂದ.

"ಏನು ಹೀಗಿರೋದು?"

"ಈ ಬಯಲು. ನಾನು ಬರೋ ಹೊತ್ತಿಗೆ ಯಾವಾಗ್ಲೂ ಉತ್ತ ಹೊಲದ ಹಾಗಿರ್ತಿತ್ತು."

ಪ್ರತಿ ಚಳಿಗಾಲ, ಪ್ರತಿ ಶನಿವಾರ ಈ ಬಯಲಿಗೆ ನಾವು ನಾಲ್ವರು ಮೊದಲು ನುಗ್ಗಿ ಉದ್ದಗಲ ಸೀಳಿ ಬಿಸಾಡುತ್ತಿದ್ದೆವು. ಅದಕ್ಕೇ ತಾನೆ ನಾವು ಬರುತ್ತಿದ್ದದ್ದು. ಹಿಂದಿನವನಿಗೆ ಏನು ಉಳಿಯುತ್ತದೆ ಎಂದು ನಮ್ಮಲ್ಲಿ ಒಬ್ಬರೂ ಒಂದು ದಿನವೂ ಯೋಚಿಸಿರಲಿಲ್ಲ, ಅವನೂ ಕೇಳಿರಲಿಲ್ಲ. ಬೆಕರ್‌ನ ಹೆಂಡತಿ ಬೇರೆ ಕಡೆ ತಿರುಗಿಕೊಂಡಳು.

"ನೀವು ಹೋಗಿ ಮೊದ್ಲು," ಎಂದ ಅರ್ಲೊ, ಬಾಗಿಲು ಹಿಡಿದು ನಿಂತವನ ಹಾಗೆ ಕೈ ತೋರಿಸಿ.

ಡ್ವೇನ್ ಹಿಂದಿನಿಂದ ಮೊಣಕಾಲುದ್ದ ಹಿಮದಲ್ಲಿ ನಡೆದುಕೊಂಡೇ ಬಂದ. ಅವನ ಸ್ವರ ಅಷ್ಟು ತಗ್ಗಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

"ಹೋಗು, ಅರ್ಲೊ. ಹಿಂದೆ ನಾನಿದ್ದೀನಿ."

ಅರ್ಲೊ ಹೆಲ್ಮೆಟ್ ಹಾಕಿಕೊಂಡು ಗುಂಡಿ ಒತ್ತಿದ. ಬೈಕು ಬಯಲಿಗಿಳಿಯಿತು. ನಟ್ಟನಡುವೆ ಹೋಗಿ ವಾಲಿತು, ಅವನು ಮತ್ತೆ ಕಾಲು ಕೊಟ್ಟ, ಬಿದ್ದ. ಡ್ವೇನ್ ಓಡಲು ಹೊರಟ. ನಾನು ಅವನ ತೋಳು ಹಿಡಿದುಕೊಂಡೆ. ಅರ್ಲೊ ಎದ್ದ, ಹಿಮ ಕೊಡವಿಕೊಂಡ, ಹ್ಯಾಂಡಲ್ ಹಿಡಿದು ಎಡಗೈಯ ಬಲದಲ್ಲೇ ಬೈಕನ್ನು ಎತ್ತಿ ನಿಲ್ಲಿಸಿದ, ಹತ್ತಿ ಕೂತು ಹೊರಟೇಬಿಟ್ಟ. ಹಿಂದಿರುಗಿ ನೋಡಲಿಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ಅವನ ಹಿಂದೆ ಒಂದು ಗೇಣಗಲದ ಗೆರೆ ಡೊಂಕುಡೊಂಕಾಗಿ ಆಚೆಯ ಮರಗಳ ತನಕ ಹೋಯಿತು.

ಅವನು ಆ ತುದಿ ಮುಟ್ಟುವ ತನಕ ನಾವು ನಿಂತಿದ್ದೆವು. ಆಮೇಲೆ ನಾನು ಇಂಜಿನ್ ಶುರುಮಾಡಿ ಬಯಲಿಗಿಳಿಯದೆ ಅಂಚಿನ ಮರಗಳ ಪಕ್ಕದಿಂದ ಬಳಸಿಕೊಂಡು ಹೊರಟೆ. ಬೆಕರ್ ದಂಪತಿಯೂ ನನ್ನ ಹಿಂದೆ ಹಾಗೆಯೇ ಬಂದರು. ಹೊಸ ಹಿಮ ಕಂಡರೆ ಹಸಿದವನ ಹಾಗೆ ನುಗ್ಗುವ ಡ್ವೇನ್ ಏನು ಮಾಡುತ್ತಾನೋ ಎಂದು ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿ ನೋಡಿದೆ. ಅವನೂ ಅಂಚು ಹಿಡಿದೇ ಬರುತ್ತಿದ್ದ.